‘ಬೇಡ’ ಎನ್ನಲು ನಿಮ್ಮ ಹತ್ತಿರ ಎಷ್ಟು ತಿಂಗಳಿದೆ?

ಪ್ರಶ್ನೆ: ನನಗೆ 44 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೇನೆ. ಪೀಣ್ಯದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ 19 ವರ್ಷ ದುಡಿದೆ. ಕೊನೆಗೆ ಕ್ವಾಲಿಟಿ ಇನ್‌ಚಾರ್ಜ್ ಆಗಿದ್ದೆ. ಮಾಲೀಕರು ಮೆಷಿನ್‌ಗಳನ್ನೆಲ್ಲ ಹೊಸೂರಿಗೆ ಸಾಗಿಸಿ ಇಲ್ಲಿಯ ಘಟಕ ಮುಚ್ಚುತ್ತಿದ್ದಾರೆ. ಮೂರು ವಾರದ ಹಿಂದೆ ನಮ್ಮನ್ನು ಬಿಡಿಸಿದರು. ಹೊಸೂರಿಗೆ ಕರೆಯಲಿಲ್ಲ. ಕೈಗೆ 46 ಸಾವಿರ ಬರುತ್ತಿತ್ತು, ಬೇಸಿಕ್ 26 ಸಾವಿರ. ಮನೆ ಸಾಲದ ಕಂತು 16 ಸಾವಿರ. ಅದೂ ಸೇರಿ ತಿಂಗಳ ಖರ್ಚು 38 ಸಾವಿರ. ಹೆಂಡತಿ ಬ್ಲೌಸ್ ಹೊಲಿದು 9 ಸಾವಿರ ತರುತ್ತಾಳೆ. ಮಗಳು ಸೆಕೆಂಡ್ ಪಿಯು, ಮಗ ಎಂಟನೇ ಕ್ಲಾಸು. ಆನ್‌ಲೈನ್‌ನಲ್ಲಿ 140 ಕಡೆ ಅರ್ಜಿ ಹಾಕಿದೆ. ಎರಡು ಫೋನ್ ಬಂತು, ಆಮೇಲೆ ಸುದ್ದಿಯಿಲ್ಲ. ಪರಿಚಯದವರೊಬ್ಬರು ತಮ್ಮ ಹಾರ್ಡ್‌ವೇರ್ ಅಂಗಡಿಗೆ 25 ಸಾವಿರಕ್ಕೆ ಕರೆಯುತ್ತಿದ್ದಾರೆ. ಸೋಮವಾರದೊಳಗೆ ಹೇಳಬೇಕಂತೆ. ಭಾಮೈದ, ‘ಡೇಟಾ ಸೈನ್ಸ್ ಕೋರ್ಸ್ ಮಾಡಿ ಭಾವ, 1.80 ಲಕ್ಷ, ಅವರೇ ಸಾಲ ಕೊಡಿಸ್ತಾರೆ’ ಅನ್ನುತ್ತಾನೆ. ಹೆಂಡತಿಗೆ ಗೊತ್ತು. ಅಪ್ಪನಿಗೆ, ಮಕ್ಕಳಿಗೆ ಹೇಳಿಲ್ಲ. ದಿನಾ ಬೆಳಗ್ಗೆ ಊಟದ ಡಬ್ಬಿ ಹಿಡಿದು ಮನೆ ಬಿಡುತ್ತೇನೆ. ಮುಂದೆ ಏನು ಮಾಡಲಿ?

ಉತ್ತರ: ಡಬ್ಬಿಯ ವಿಷಯವನ್ನು ನೀವು ಕೊನೆಗೆ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಈ ಭಾನುವಾರ ಮನೆಯಲ್ಲಿ ಹೇಳಿಬಿಡಿ. ಅಪ್ಪನಿಗೂ, ಮಕ್ಕಳಿಗೂ. ಮನಸ್ಸು ಹಗುರಾಗುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಗುಟ್ಟಾಗಿ ಕೆಲಸ ಹುಡುಕಲು ಆಗುವುದಿಲ್ಲ. ನಿಮ್ಮ ಅಪ್ಪನ ಹಳೆಯ ಸ್ನೇಹಿತರ ಮಗ ಯಾವುದೋ ಕಾರ್ಖಾನೆಯಲ್ಲಿ ಪರ್ಚೇಸ್ ನೋಡುತ್ತಿರಬಹುದು. ಹೆಂಡತಿಯ ಗಿರಾಕಿಯೊಬ್ಬರ ಗಂಡ ದಾಬಸ್‌ಪೇಟೆಯಲ್ಲಿ ಶಾಪ್ ಫ್ಲೋರ್ ಮ್ಯಾನೇಜರ್ ಇರಬಹುದು. ನಿಮಗೆ ಕೆಲಸವಿದೆ ಎಂದೇ ಅವರೆಲ್ಲ ನಂಬಿದ್ದರೆ ಯಾರು ನಿಮ್ಮ ಹೆಸರು ಹೇಳುತ್ತಾರೆ? ಇನ್ನೊಂದು ಮಾತು. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಆರರವರೆಗೆ ಪಾರ್ಕು, ಮೆಟ್ರೋ ಸ್ಟೇಷನ್ನು ಅಂತ ಕೂತರೆ ಅದರಲ್ಲೇ ದಿನದ ಶಕ್ತಿಯೆಲ್ಲ ಹೋಗುತ್ತದೆ. ಉಳಿದ ಅರ್ಧ ಗಂಟೆಯಲ್ಲಿ ಫೋನಿನಲ್ಲಿ ಸಿಕ್ಕಸಿಕ್ಕ ಕಡೆ ಅರ್ಜಿ ಒತ್ತುವುದಷ್ಟೇ ಆಗುತ್ತದೆ. 140 ಅರ್ಜಿ ಹಾಗೇ ಆಗಿದ್ದು, ಅಲ್ವಾ?

ಮಕ್ಕಳಿಗೆ ಹೇಳುವಾಗ ಲೆಕ್ಕದ ಹಾಳೆಯನ್ನೂ ಮುಂದಿಡಿ. ಎಂಟನೇ ಕ್ಲಾಸಿನ ಹುಡುಗನಿಗೂ ಅರ್ಥವಾಗುತ್ತದೆ. ಲೆಕ್ಕ ಗೊತ್ತಾದರೆ ಮಕ್ಕಳ ಹೆದರಿಕೆ ಕಡಿಮೆಯಾಗುತ್ತದೆ. ಅಪ್ಪ ಅಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟುವುದು ಕೇಳಿಸಿದಾಗಲೇ ಅವರಿಗೆ ಜಾಸ್ತಿ ಭಯ.

ಆ ಲೆಕ್ಕ ಹೀಗೆ. ಗ್ರಾಚ್ಯುಟಿಗೆ ಐದು ವರ್ಷ ಸೇವೆ ಆಗಿರಬೇಕು. ನಿಮ್ಮದು 19 ಆಗಿದೆ. ಕೊನೆಯ ಬೇಸಿಕ್ಕನ್ನು, ಡಿಎ ಇದ್ದರೆ ಅದನ್ನೂ ಸೇರಿಸಿ, 15ರಿಂದ ಗುಣಿಸಿ 26ರಿಂದ ಭಾಗಿಸಬೇಕು. ಆಮೇಲೆ ವರ್ಷಗಳಿಂದ ಗುಣಿಸಬೇಕು. ನಿಮ್ಮ 26 ಸಾವಿರಕ್ಕೆ ಒಂದು ವರ್ಷಕ್ಕೆ 15 ಸಾವಿರ, 19 ವರ್ಷಕ್ಕೆ 2,85,000 ರೂಪಾಯಿ. ಇದನ್ನು 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಮಾಲೀಕರು ದೊಡ್ಡ ಮನಸ್ಸು ಮಾಡಿ ಕೊಡುವ ಹಣ ಇದಲ್ಲ, ನಿಮ್ಮ ದುಡಿಮೆಯದು. ಬಾಯಿಮಾತಲ್ಲಿ ಕೇಳಿ ಸುಮ್ಮನಾಗಬೇಡಿ. ಅರ್ಜಿ ಕೊಟ್ಟು ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಬಾಕಿ ಸಂಬಳವಂತೂ ಇಷ್ಟು ಹೊತ್ತಿಗೆ ಬಂದಿರಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ಬಿಡಿಸಿದರೆ, ಘಟಕ ಮುಚ್ಚಿದರೆ ಎರಡು ಕೆಲಸದ ದಿನಗಳೊಳಗೆ ಸಂಬಳದ ಬಾಕಿ ತೀರಿಸಬೇಕು.

ಪರಿಹಾರದ ವಿಷಯವೂ ಇದೆ. ಘಟಕ ಮುಚ್ಚಿ ಕೆಲಸ ಹೋದ ಕಾರ್ಮಿಕರಿಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ ಸಿಗಬೇಕು. ಮೇಲ್ವಿಚಾರಕರಾಗಿ 18 ಸಾವಿರಕ್ಕಿಂತ ಜಾಸ್ತಿ ಸಂಬಳ ಇದ್ದರೆ ಅವರು ಕಾನೂನಿನ ಕಣ್ಣಲ್ಲಿ ‘ಕಾರ್ಮಿಕ’ ಅಲ್ಲ. ಆದರೆ ಅಲ್ಲಿ ನೋಡುವುದು ಹುದ್ದೆಯ ಹೆಸರನ್ನಲ್ಲ, ನಿಜವಾಗಿ ಮಾಡಿದ ಕೆಲಸವನ್ನು. ಹೆಸರಿಗೆ ಇನ್‌ಚಾರ್ಜ್ ಆಗಿ, ದಿನವಿಡೀ ನೀವೇ ಗೇಜ್ ಹಿಡಿದು ಪೀಸ್ ಅಳೆಯುತ್ತಿದ್ದರೆ ಒಮ್ಮೆ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಕಾಣಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲೂ ಕೇಳಬಹುದು. ನಿಮ್ಮ ಜೊತೆ ಕೆಲಸ ಹೋದ ಆಪರೇಟರ್‌ಗಳಲ್ಲಿ ಇಎಸ್‌ಐ ಇದ್ದವರಿಗೆ ಇದೊಂದು ತಿಳಿಸಿ. ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ’ ಅಂತ ಇದೆ. ಷರತ್ತು ಹೊಂದಿದರೆ ಸರಾಸರಿ ದಿನಗೂಲಿಯ ಅರ್ಧದಷ್ಟು 90 ದಿನದವರೆಗೆ, ಜೀವನದಲ್ಲಿ ಒಮ್ಮೆ ಸಿಗುತ್ತದೆ. ಈಗಲೂ ಜಾರಿಯಲ್ಲಿದೆಯಾ ಅಂತ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಲಿ. ಎಷ್ಟೋ ಜನಕ್ಕೆ ಅದರ ಹೆಸರೇ ಗೊತ್ತಿರುವುದಿಲ್ಲ.

ಪಿಎಫ್ ಹಣಕ್ಕೆ ಈಗ ಕೈ ಹಾಕಬೇಡಿ. ಕಂತು ಕಟ್ಟದಿದ್ದರೂ ಅದಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ. ಪಿಂಚಣಿ ಭಾಗಕ್ಕೆ ನಿಮ್ಮದು ಹತ್ತು ವರ್ಷ ದಾಟಿದೆ, 58ಕ್ಕೆ ಪಿಂಚಣಿ ಬರುತ್ತದೆ. ಹಳೆಯ ಯುಎಎನ್ ನಂಬರನ್ನೇ ಮುಂದಿನ ಕೆಲಸಕ್ಕೂ ಕೊಡಿ.

ಈಗ 2,85,000ದಲ್ಲಿ ಮಗಳ ಸೀಟಿಗೆ ಅಂತ 60 ಸಾವಿರ ಪಕ್ಕಕ್ಕಿಡಿ. ಆರೋಗ್ಯ ವಿಮೆಗೆ 25 ಸಾವಿರ ಇಡಿ. ಕಂಪನಿಯ ಗ್ರೂಪ್ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಮನೆಯಲ್ಲಿ ವಯಸ್ಸಾದ ಅಪ್ಪ ಇದ್ದಾರೆ. ಅದೇ ವಿಮಾ ಕಂಪನಿಯಲ್ಲಿ ಮನೆಯವರ ಹೆಸರಿನ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದಾ ಅಂತ ಇವತ್ತೇ ಫೋನ್ ಮಾಡಿ ಕೇಳಿ. ಉಳಿಯುವುದು ಎರಡು ಲಕ್ಷ. ನಿಮ್ಮ ಖರ್ಚು 38, ಹೆಂಡತಿಯ ದುಡಿಮೆ 9, ತಿಂಗಳಿಗೆ ಬೀಳುವ ಕೊರತೆ 29 ಸಾವಿರ. ಅಂದರೆ ಏಳು ತಿಂಗಳಿಗೆ ಸ್ವಲ್ಪ ಕಡಿಮೆ.

ಈ ಏಳು ತಿಂಗಳನ್ನು ನಾನು ‘ಬೇಡ ಎನ್ನುವ ಕಾಲ’ ಅಂತ ಕರೆಯುತ್ತೇನೆ. ಬಂದ ಕೆಲಸ ಸರಿಯಿಲ್ಲದಿದ್ದರೆ ಬೇಡ ಎನ್ನುವ ಶಕ್ತಿ ನಿಮಗೆ ಇಷ್ಟು ದಿನ ಇದೆ. ಕೊನೆಯ ಎರಡು ತಿಂಗಳನ್ನು ಆಪತ್ತಿಗೆ ಬಿಟ್ಟುಬಿಡಿ. ಉಳಿದ ಐದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅಲ್ಲಿಯವರೆಗೆ ನಿಮ್ಮ ವಿದ್ಯೆಗೆ ತಕ್ಕ ಕೆಲಸವನ್ನೇ ಹುಡುಕುತ್ತೀರಿ. ಆ ದಿನ ದಾಟಿದರೆ ಹುಡುಕಾಟದ ದಾರಿ ಅಗಲ ಮಾಡುತ್ತೀರಿ, ಸಂಬಳದಲ್ಲೂ ಇಳಿಯುತ್ತೀರಿ. ಇದನ್ನು ಮೊದಲೇ ನಿರ್ಧರಿಸಿಕೊಂಡರೆ ರಾತ್ರಿ ಎರಡು ಗಂಟೆಗೆ ಎದ್ದು ಕೂತು ನಿರ್ಧರಿಸುವುದು ತಪ್ಪುತ್ತದೆ. ಸಾಲದ ಕಂತು ಕಷ್ಟವಾಗುವ ಸೂಚನೆ ಕಂಡರೆ, ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ. ಕಂತು 90 ದಿನ ಬಾಕಿಯಾದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ, ಸೇರುತ್ತದೆ. ಆಮೇಲೆ ಬ್ಯಾಂಕಿನವರ ಮಾತಿನ ಧಾಟಿಯೇ ಬೇರೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2009ರ ಆರಂಭದಲ್ಲಿ ನನ್ನ ಕೆಲಸವೂ ಹೋಗಿತ್ತು. ಲೆಕ್ಕ ಹಾಕಲಿಲ್ಲ, ಹೆದರಿದೆ. ಹನ್ನೊಂದೇ ದಿನದಲ್ಲಿ ಸಿಕ್ಕ ಮೊದಲ ಕೆಲಸ ಹಿಡಿದೆ, ಮೂರನೇ ಒಂದು ಭಾಗ ಕಡಿಮೆ ಸಂಬಳಕ್ಕೆ. ಎಂಟು ತಿಂಗಳಲ್ಲಿ ಅದನ್ನು ಬಿಟ್ಟಾಗ ಮುಂದಿನವರೆಲ್ಲ ಕೇಳಿದ್ದು ಒಂದೇ, ‘ಈಗ ಎಷ್ಟು ತಗೋತಿದೀರಾ?’ ನಮ್ಮಲ್ಲಿ ಹೊಸ ಸಂಬಳವನ್ನು ಹಳೆಯ ಸಂಬಳದ ಮೇಲೇ ಕಟ್ಟುತ್ತಾರೆ. ಆ ಇಳಿದ ಮೆಟ್ಟಿಲು ಹತ್ತಲು ನನಗೆ ನಾಲ್ಕು ವರ್ಷ ಬೇಕಾಯಿತು. ನಂತರ ಕಾರ್ಖಾನೆಗಳ ಎಚ್‌ಆರ್ ವಿಭಾಗದಲ್ಲಿ ಮೇಜಿನ ಆಚೆ ಬದಿಗೆ ಕೂತಾಗ ನಾನೂ ಅದೇ ಪ್ರಶ್ನೆ ಕೇಳಿದ್ದೇನೆ.

ಹಾಗಾಗಿ ಹಾರ್ಡ್‌ವೇರ್ ಅಂಗಡಿಯವರಿಗೆ ಈಗ ಬೇಡ ಅನ್ನಿ. ಕರೆದದ್ದಕ್ಕೆ ನಿಜವಾಗಿ ಕೃತಜ್ಞತೆ ಹೇಳಿ. ‘ನನ್ನ ಲೈನಿನಲ್ಲೇ ನಾಲ್ಕೈದು ತಿಂಗಳು ನೋಡ್ತೀನಿ ಸಾರ್, ಆಮೇಲೆ ನಿಮ್ಮನ್ನೇ ಕೇಳ್ತೀನಿ’ ಅಂತ ಬಾಗಿಲು ತೆರೆದಿಟ್ಟು ಬನ್ನಿ. 25 ಸಾವಿರ ಹಿಡಿದರೆ ತಿಂಗಳ ಕೊರತೆ ಬರೀ 4 ಸಾವಿರಕ್ಕೆ ಇಳಿಯುತ್ತದೆ, ಆಸೆಯಾಗುವುದು ಸಹಜ. ಆದರೆ ಅಂಗಡಿ ಕೆಲಸ ಬೆಳಗ್ಗೆಯಿಂದ ರಾತ್ರಿವರೆಗೆ. ಯಾವ ಕಾರ್ಖಾನೆಗೂ ಹೋಗಿ ಬರಲು ನಿಮಗೆ ಪುರುಸೊತ್ತು ಸಿಗುವುದಿಲ್ಲ. ಏಳು ತಿಂಗಳು ಇಲ್ಲದವರಿಗೆ, ಏಳೇ ವಾರ ಇರುವವರಿಗೆ, ನಾನು ಬೇರೆ ಉತ್ತರ ಕೊಡುತ್ತಿದ್ದೆ.

ಈಗ ಹುಡುಕಾಟದ ವಿಷಯ. 140 ಅರ್ಜಿಯಲ್ಲೂ ನೀವು ‘ಕ್ವಾಲಿಟಿ ಇನ್‌ಚಾರ್ಜ್, 19 ವರ್ಷ ಅನುಭವ’ ಅಂತ ಬರೆದಿರುತ್ತೀರಿ. ಓದುವವರಿಗೆ ಅದರಿಂದ ಗೊತ್ತಾಗುವುದು ಎರಡೇ. ಒಂದು, ನಿಮಗೆ ವಯಸ್ಸಾಗಿದೆ. ಎರಡು, ಸಂಬಳ ಜಾಸ್ತಿ ಕೇಳುತ್ತೀರಿ. ನೀವು ಏನು ಮಾಡಬಲ್ಲಿರಿ ಅನ್ನುವುದು ಅಲ್ಲಿಲ್ಲ. ನಾನು ರೆಸ್ಯೂಮೆ ಜರಡಿ ಹಿಡಿಯುತ್ತಿದ್ದ ಕಾಲದಲ್ಲಿ ಒಂದೊಂದಕ್ಕೆ ಅರ್ಧ ನಿಮಿಷವೂ ಕೊಡುತ್ತಿರಲಿಲ್ಲ. ಕಣ್ಣು ನಿಲ್ಲುತ್ತಿದ್ದದ್ದು ಒಂದು ಘಟನೆ ಕಂಡಾಗ ಮಾತ್ರ.

ಒಂದು ನೋಟ್‌ಬುಕ್ ತಗೊಳ್ಳಿ. ಈ 19 ವರ್ಷದಲ್ಲಿ ‘ಅವರನ್ನ ಕರೀರಿ’ ಅಂತ ನಿಮ್ಮನ್ನು ಕರೆಸಿದ ಸಂದರ್ಭಗಳನ್ನು ಬರೆಯಿರಿ. ಗಿರಾಕಿ ಕಂಪನಿ ಇಡೀ ಲಾಟ್ ವಾಪಸ್ ಕಳಿಸಿದಾಗ ಯಾರು ಹೋಗಿ ಮಾತಾಡಿದ್ದು? ಬೋರ್ ಸೈಜ್ ರಾತ್ರಿ ಶಿಫ್ಟಿನಲ್ಲಿ ಮಾತ್ರ ಯಾಕೆ ಏರುಪೇರಾಗುತ್ತಿತ್ತು, ಅದನ್ನು ಹೇಗೆ ಹಿಡಿದಿರಿ? ತಪ್ಪಿನ ಬೇರು ಹುಡುಕಿ ಸರಿಪಡಿಸಿದ್ದನ್ನು ಗಿರಾಕಿಗೆ ತಿಳಿಸುವ 8ಡಿ ವರದಿ ಬರೆಯುತ್ತಿದ್ದದ್ದು ಯಾರು? ಪ್ಲೇಟಿಂಗ್ ಮಾಡಿಕೊಡುವ ಸಣ್ಣ ಶೆಡ್ಡಿನವನಿಗೆ ಅಳತೆ ಹಿಡಿಯುವುದನ್ನು ಕಲಿಸಿದ್ದು ಯಾರು? ಇಂಥ ಹತ್ತು ಬರೆಯಿರಿ. ಪ್ರತಿಯೊಂದಕ್ಕೂ ಏನಾಗಿತ್ತು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು ಅಂತ ಮೂರು ಸಾಲು ಸಾಕು. ಇದಕ್ಕೆ ಒಂದು ವಾರ ಹಿಡಿಯುತ್ತದೆ. ಆ ವಾರ ಒಂದೂ ಅರ್ಜಿ ಹಾಕಬೇಡಿ.

ಹೀಗೆ ಬರೆದಾಗ ಕೆಲವರಿಗೆ ತಮ್ಮ ಕೆಲಸವೇ ಬೇರೆಯಾಗಿ ಕಾಣುತ್ತದೆ. ಬೊಮ್ಮಸಂದ್ರದ ಒಂದು ಕೆಮಿಕಲ್ ಘಟಕದಲ್ಲಿ ಸ್ಟೋರ್ಸ್ ನೋಡುತ್ತಿದ್ದ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಿದ್ದರು. ತಿಂಗಳುಗಟ್ಟಲೆ ‘ಸ್ಟೋರ್ಸ್ ಇನ್‌ಚಾರ್ಜ್’ ಹುದ್ದೆಗೇ ಅರ್ಜಿ ಹಾಕುತ್ತಿದ್ದರು. ಬರೆಯುತ್ತಾ ಹೋದಾಗ ಗೊತ್ತಾಯಿತು, ಅವರ ನಿಜವಾದ ವಿದ್ಯೆ ಅವಧಿ ಮುಗಿಯುವ ಸಾಮಾನನ್ನು ಒಂದೂ ಹಾಳಾಗದಂತೆ ಸಾಗಿಸುವುದು. ಈಗ ಒಂದು ಆಸ್ಪತ್ರೆಯ ಔಷಧ ದಾಸ್ತಾನು ನೋಡಿಕೊಳ್ಳುತ್ತಿದ್ದಾರೆ. ಅಲ್ಲಿಗೆ ಅರ್ಜಿ ಹಾಕಬಹುದು ಅಂತಲೇ ಅವರಿಗೆ ಹೊಳೆದಿರಲಿಲ್ಲ.

ನಿಮ್ಮ ಅಳತೆಯ ವಿದ್ಯೆಗೂ ಗಾಡಿ ಬಿಡಿಭಾಗ ಒಂದೇ ಮನೆಯಲ್ಲ. ಗಾಡಿಯವರಿಗೆ ಐಎಟಿಎಫ್ 16949 ಎಂಬ ಗುಣಮಟ್ಟದ ಮಾನದಂಡ ಇದ್ದಂತೆ ವಿಮಾನದ ಬಿಡಿಭಾಗದವರಿಗೆ ಎಎಸ್ 9100 ಇದೆ, ವೈದ್ಯಕೀಯ ಉಪಕರಣದವರಿಗೆ ಐಎಸ್‌ಒ 13485 ಇದೆ. ಕಾಗದಪತ್ರ ಬಿಗಿ, ಆದರೆ ಡ್ರಾಯಿಂಗ್ ಓದುವುದು, ಫಸ್ಟ್ ಪೀಸ್ ನೋಡುವುದು, ತಪ್ಪಿನ ಬೇರು ಹುಡುಕುವುದು ಎಲ್ಲ ಕಡೆ ಅದೇ. ದೇವನಹಳ್ಳಿ ಕಡೆಯ ಏರೋಸ್ಪೇಸ್ ಘಟಕಗಳು, ಅವರಿಗೆ ಮಾಲು ಕೊಡುವ ಪೀಣ್ಯದ ಸಣ್ಣ ಮೆಷಿನ್ ಶಾಪ್‌ಗಳು, ದಾಬಸ್‌ಪೇಟೆ, ತುಮಕೂರಿನ ವಸಂತನರಸಾಪುರ, ಕೋಲಾರದ ನರಸಾಪುರ, ಇವನ್ನೆಲ್ಲ ನೋಡಿ. ಗೇಜ್‌ಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಕ್ಯಾಲಿಬ್ರೇಷನ್ ಲ್ಯಾಬ್‌ಗಳನ್ನು ಜನ ಮರೆಯುತ್ತಾರೆ. ನೀವು ಮರೆಯಬೇಡಿ. ಓಡಾಟದ ಖರ್ಚು, ಸಮಯ ಸೇರಿಸಿಯೇ ಸಂಬಳ ಹೋಲಿಸಿ. ಸ್ವಂತ ಮನೆ ಬಿಟ್ಟು ನರಸಾಪುರಕ್ಕೆ ದಿನಾ ಓಡಾಡುವುದಕ್ಕಿಂತ 4 ಸಾವಿರ ಕಡಿಮೆಗೆ ಹತ್ತಿರದ್ದು ಮೇಲು. ಮೆಟ್ರೋ ಈಗ ಮಾದಾವರದವರೆಗೆ ಹೋಗುತ್ತದೆ, ತುಮಕೂರು ರಸ್ತೆಯ ಆ ಭಾಗದ ಘಟಕಗಳು ಮೊದಲಿಗಿಂತ ಹತ್ತಿರವಾಗಿವೆ.

ಎಲ್ಲಿ ಕೆಲಸ ಖಾಲಿಯಿದೆ ಅಂತ ಮೊದಲು ಗೊತ್ತಾಗುವುದು ಯಾರಿಗೆ ಗೊತ್ತಾ? ಪೋರ್ಟಲ್‌ಗಳಿಗಲ್ಲ. ಗೇಜ್ ಮಾರುವವನಿಗೆ, ಕಟಿಂಗ್ ಟೂಲ್ ತಂದು ಕೊಡುವವನಿಗೆ, ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನವನಿಗೆ, ಆಡಿಟ್‌ಗೆ ಬರುವವರಿಗೆ. ಯಾರು ಹೊಸ ಮೆಷಿನ್ ಹಾಕಿದರು, ಯಾರ ಮಾಲು ರಿಜೆಕ್ಟ್ ಆಗಿ ವಾಪಸ್ ಬರುತ್ತಿದೆ, ಎಲ್ಲವೂ ಅವರಿಗೆ ಗೊತ್ತು. ಇವರೆಲ್ಲರ ನಂಬರ್ ನಿಮ್ಮ ಫೋನಿನಲ್ಲಿದೆ. ವಾರಕ್ಕೆ ಐದು ಜನ ಸಾಕು. ‘ಎಲ್ಲಾದ್ರೂ ಕೆಲಸ ಇದ್ಯಾ ಸಾರ್?’ ಅಂತ ಕೇಳಬೇಡಿ. ‘ಇದ್ರೆ ಹೇಳ್ತೀನಿ’ ಅಂತಾರೆ, ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ: ‘ನಮ್ಮ ಯುನಿಟ್ ಮುಚ್ಚಿತು ಸಾರ್. ಕಸ್ಟಮರ್ ಕಂಪ್ಲೇಂಟ್ ಜಾಸ್ತಿ ಇರೋ, ಕ್ವಾಲಿಟಿ ನೋಡಿಕೊಳ್ಳೋಕೆ ಸರಿಯಾದ ಜನ ಇಲ್ಲದ ಎರಡು ಕಂಪನಿ ಹೆಸರು ಹೇಳಿ. ನಾನೇ ಹೋಗಿ ಮಾತಾಡ್ತೀನಿ.’ ಇದಕ್ಕೆ ಉತ್ತರ ಕೊಡುವುದು ಸುಲಭ. ಕೊಟ್ಟವರ ಹೆಸರು, ತಾರೀಖು, ಏನು ಹೇಳಿದರು ಅನ್ನುವುದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ವಾರದ ನಂತರ ಏನಾಯಿತು ಅಂತ ಅವರಿಗೆ ತಿಳಿಸಿ. ಕೆಲಸ ಆಗದಿದ್ದರೂ ತಿಳಿಸಿ.

ಆ ಕಂಪನಿಗೆ ಹೋದಾಗ ಮಾಲೀಕರ ಜೊತೆ ಹದಿನೈದು ನಿಮಿಷ ಸಿಕ್ಕರೆ ನಿಮ್ಮ ಹತ್ತು ಘಟನೆಯಲ್ಲಿ ಅವರ ತೊಂದರೆಗೆ ಹೊಂದುವ ಒಂದನ್ನು ಹೇಳಿ. 30ರಿಂದ 80 ಜನರ ಘಟಕಗಳಲ್ಲಿ ಇದು ನಡೆಯುತ್ತದೆ. ದೊಡ್ಡ ಕಂಪನಿಗಳಲ್ಲಿ 44 ವಯಸ್ಸು ತಡೆಯಾಗುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಣ್ಣ ಘಟಕದ ಮಾಲೀಕನಿಗೆ ಬೇಕಿರುವುದು ತಾನು ಊರಿಗೆ ಹೋದಾಗಲೂ ಕೆಟ್ಟ ಮಾಲು ಗೇಟು ದಾಟದಂತೆ ನೋಡುವವರು. ಪೂರ್ತಿ ಸಂಬಳ ಕೊಡಲು ಅವರು ಹಿಂದೆಮುಂದೆ ನೋಡಿದರೆ, ವಾರಕ್ಕೆ ಎರಡು ದಿನ ಫೈನಲ್ ಇನ್‌ಸ್ಪೆಕ್ಷನ್ ಮಾಡಿಕೊಡುತ್ತೇನೆ ಅನ್ನಿ. ಇಂಥ ಎರಡು ಘಟಕ ಸಿಕ್ಕರೆ ನಿಮ್ಮ ‘ಬೇಡ ಎನ್ನುವ ಕಾಲ’ ಉದ್ದವಾಗುತ್ತದೆ. ಹಳೆಯ ಕೆಲಸ ಯಾಕೆ ಬಿಟ್ಟಿರಿ ಅಂತ ಕೇಳಿದರೆ ‘ಘಟಕ ಹೊಸೂರಿಗೆ ಹೋಯಿತು’ ಅಂತ ಒಂದೇ ಮಾತು. ಹಳೆಯ ಮಾಲೀಕರ ಬಗ್ಗೆ ಸಿಟ್ಟಿದ್ದರೂ ಅಲ್ಲಿ ಬೇಡ.

ಡೇಟಾ ಸೈನ್ಸ್ ಕೋರ್ಸ್ ಬೇಡವೇ ಬೇಡ. ಭಾಮೈದ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೂ ಸಾಲ ಮಾಡಿ, 19 ವರ್ಷವನ್ನು ಪಕ್ಕಕ್ಕಿಟ್ಟು, 22ರ ಹುಡುಗರ ಸಾಲಿನ ಕೊನೆಗೆ ನಿಲ್ಲುವುದು ಇದು. ನನ್ನ ಮಾತು ನಂಬದಿದ್ದರೆ ಆ ಸಂಸ್ಥೆಯನ್ನು ಒಂದೇ ಕೇಳಿ: ‘40 ದಾಟಿ, ಫ್ಯಾಕ್ಟರಿಯಿಂದ ಬಂದು, ಇಲ್ಲಿ ಕಲಿತು ಕೆಲಸ ಹಿಡಿದ ಮೂರು ಜನರ ಜೊತೆ ಮಾತಾಡಿಸ್ತೀರಾ?’ ಕಲಿಯುವುದೇ ಆದರೆ ನಿಮ್ಮ ವಿದ್ಯೆಯ ಪಕ್ಕದ್ದನ್ನು ಕಲಿಯಿರಿ. ಸಿಎಂಎಂ (ಕಂಪ್ಯೂಟರ್ ಮೂಲಕ ಅಳತೆ ಹಿಡಿಯುವ ಯಂತ್ರ) ಪ್ರೋಗ್ರಾಮಿಂಗ್, ಇಲ್ಲವೇ ಎಎಸ್ 9100 ಆಂತರಿಕ ಆಡಿಟರ್ ತರಬೇತಿ. ಸರ್ಕಾರಿ ಸಂಸ್ಥೆಗಳಾದ ತುಮಕೂರು ರಸ್ತೆಯ ಸಿಎಂಟಿಐನಲ್ಲಿ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಜಿಟಿಟಿಸಿಯಲ್ಲಿ ಈಗ ಯಾವ ಅಲ್ಪಾವಧಿ ಕೋರ್ಸ್ ಇದೆ ಅಂತ ಖುದ್ದಾಗಿ ಹೋಗಿ ವಿಚಾರಿಸಿ. ಅದನ್ನೂ, ಮೂರು ನಾಲ್ಕು ಮಾಲೀಕರು ‘ಅದು ಬರುತ್ತಾ?’ ಅಂತ ಕೇಳಿದ ಮೇಲೆ ಮಾತ್ರ ಸೇರಿ.

ಕೆಲಸ ಕೊಡಿಸಲು ಮುಂಗಡ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೋಂದಣಿ, ಲ್ಯಾಪ್‌ಟಾಪ್, ವೆರಿಫಿಕೇಷನ್, ಯಾವ ಹೆಸರಲ್ಲಿ ಕೇಳಿದರೂ ಅಷ್ಟೇ. ಹಣ ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ದಿನಕ್ಕೆ ಮೂರು ಗಂಟೆ ಹುಡುಕಾಟ ಸಾಕು, ಬೆಳಗ್ಗೆಯೇ ಮುಗಿಸಿ. ಮಧ್ಯಾಹ್ನ ಮನೆ ಕೆಲಸ ಮಾಡಿ, ಹೆಂಡತಿಯ ಹೊಲಿಗೆಗೆ ಲೈನಿಂಗ್ ತಂದುಕೊಡಿ, ಮಗನ ಗಣಿತ ನೋಡಿ. ನಿದ್ದೆ ಎರಡು ವಾರಕ್ಕಿಂತ ಜಾಸ್ತಿ ಕೆಟ್ಟರೆ, ಬದುಕೇ ಬೇಡ ಅನ್ನಿಸುವ ಯೋಚನೆ ಒಮ್ಮೆ ಬಂದರೂ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಂದು ಕೆಲಸ ಮಾತ್ರ ಭಾನುವಾರದವರೆಗೂ ಕಾಯುವುದು ಬೇಡ. ನಾಳೆಯೇ ಕಾರ್ಖಾನೆಗೆ ಹೋಗಿ. ರಿಲೀವಿಂಗ್ ಲೆಟರ್, ಮೂರು ವರ್ಷದ ಫಾರ್ಮ್ 16, ಸಂಬಳದ ಚೀಟಿ ತಗೊಳ್ಳಿ. ಪಿಎಫ್ ಖಾತೆಯಲ್ಲಿ ನೀವು ಬಿಟ್ಟ ದಿನಾಂಕ ನಮೂದಾಗಿದೆಯಾ ನೋಡಿಸಿ. ಅವರು ಹಾಕದಿದ್ದರೆ ಕೊನೆಯ ಕಂತಿನಿಂದ ಎರಡು ತಿಂಗಳಾದ ಮೇಲೆ ನೀವೇ ಪೋರ್ಟಲ್‌ನಲ್ಲಿ ಹಾಕಬಹುದು. ಅನುಭವ ಪತ್ರದಲ್ಲಿ ‘ಕ್ವಾಲಿಟಿ ಇನ್‌ಚಾರ್ಜ್ ಆಗಿದ್ದರು’ ಅಂತ ಒಂದೇ ಸಾಲಿದ್ದರೆ ಒಪ್ಪಬೇಡಿ. ಗಿರಾಕಿ ಆಡಿಟ್ ಎದುರಿಸಿದ್ದು, 8ಡಿ ಬರೆದದ್ದು, ಗೇಜ್ ಕ್ಯಾಲಿಬ್ರೇಷನ್ ನೋಡಿಕೊಂಡದ್ದು, ಎಲ್ಲ ನೀವೇ ಟೈಪ್ ಮಾಡಿಸಿಕೊಂಡು ಹೋಗಿ, ಸಹಿ ಸೀಲು ಹಾಕಿಸಿ. ಅಕೌಂಟ್ಸಿನ ಜನ ಇನ್ನೂ ಅಲ್ಲೇ ಕೂತಿರುತ್ತಾರೆ. ಆಫೀಸಿನ ಕಂಪ್ಯೂಟರ್‌ಗಳೂ ಹೊಸೂರಿನ ಲಾರಿ ಹತ್ತಿದ ಮೇಲೆ ಆ ಸಹಿಗೆ ನೀವು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.